ರಹಮಾನ್ ಸಾಹೇಬರ ತೂಕದ ಪ್ಲೇಟು

ಕೊಯಮತ್ತೂರು
2 ಜೂನ್ 2024

ರಹಮಾನ್ ಸಾಹೇಬರಿಗೆ ಯಜ್ಞೇಶ ಮಾಡುವ ನಮಸ್ಕಾರಗಳು.

ನಿನ್ನೆ ಫೋನು ಮಾಡಿದ್ದೆ. ನೀವು ಮೂರು ಸಲ ಯಾರು ಯಾರು ಎಂದು ಕೇಳಿ, ಕಿವಿಯ ಯಂತ್ರ ಕಿರುಚುತ್ತದೆ ಎಂದು ಬೈದು ಇಟ್ಟುಬಿಟ್ಟಿರಿ. ನಲವತ್ತು ವರ್ಷ ಕಬ್ಬಿಣ ಬಡಿದ ಕಿವಿಯೊಡನೆ ಗುದ್ದಾಡುವುದಕ್ಕಿಂತ ಕಾಗದ ಬರೆಯುವುದೇ ಸುಲಭ. ನಿಮ್ಮ ಅಂಗಡಿಯಲ್ಲಿ ಲೇತ್ ಕಲಿಯುತ್ತಿದ್ದಾಗಲೂ ನನಗೆ ನೀವು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದೇ ಹೇಳುತ್ತಿದ್ದಿರಿ. ಈಗ ನನ್ನ ಸರದಿ.

ಈ ವರ್ಷ ಟೂರಿಂಗ್ ಕಾರುಗಳ, ಅಂದರೆ ಸಾಮಾನ್ಯ ರಸ್ತೆ ಕಾರುಗಳ, ರೇಸುಗಳಿಗೆ ಇಪ್ಪತ್ತು ಕಿಲೋದ ಎಂಟು ಕಬ್ಬಿಣದ ಪ್ಲೇಟು ಬೇಕು. ಹಳೆಯವು ಕಾರಿನ ಹೊಟ್ಟೆಯಲ್ಲಿ ಕುಣಿದು ಬಿರುಕು ಬಿಟ್ಟಿವೆ. ಲೆಕ್ಕ ನಿಮಗೆ ಗೊತ್ತೇ ಇದೆ: ಒಂದು ರೇಸು ಗೆದ್ದವನು ಮುಂದಿನ ರೇಸಿನಲ್ಲಿ ಮೂರು ಪ್ಲೇಟು ಹೊತ್ತು ಓಡಬೇಕು, ಎರಡನೆಯವನು ಎರಡು. ಒಬ್ಬನೇ ಗೆಲ್ಲುತ್ತಾ ಹೋಗಬಾರದಲ್ಲ, ಅದಕ್ಕೆ. ಕಾರನ್ನೇ ತೂಗುವ ಯಂತ್ರ ವರ್ಷದ ಮೊದಲಲ್ಲಿ ಒಂದು ದಿನ ಬಾಡಿಗೆಗೆ ಬರುತ್ತದೆ. ಆಮೇಲೆ ತಪಾಸಣೆ ಅಂದರೆ ನಾನು. ಕಾರಿನ ಬಾಗಿಲು ತೆಗೆದು ಪ್ಲೇಟು ಎಣಿಸುತ್ತೇನೆ, ತೂಕ ಸರಿಹೊಂದಿಸಲು ಹೊಯ್ದ ಸೀಸದ ಮೇಲೆ ನಿಮ್ಮ ಮುದ್ರೆ ಇದೆಯೇ ನೋಡುತ್ತೇನೆ, ಸರಿ ಇದೆ ಎಂದು ಬರೆಯುತ್ತೇನೆ. ಇಲ್ಲಿ ಯಾರ ಮಾತನ್ನೂ ಯಾರೂ ನಂಬುವುದಿಲ್ಲ. ಕೊಪ್ಪದ ಮುದ್ರೆಯೊಂದನ್ನು ಮಾತ್ರ ಎಲ್ಲರೂ ನಂಬುತ್ತಾರೆ.

ಉಳಿದದ್ದನ್ನು ಹೇಳಿದರೆ ನಿಮಗೆ ಊಟ ಸೇರಲಿಕ್ಕಿಲ್ಲ. ಇದಕ್ಕೆ ಹವ್ಯಾಸಿಗಳ ಸರಣಿ ಎಂದು ಹೆಸರು. ವಾರವಿಡೀ ದುಡಿದು ಭಾನುವಾರ ಮನಸ್ಸಂತೋಷಕ್ಕೆ ಕಾರು ಓಡಿಸುವವರದ್ದು. ನಮ್ಮ ಸಮಿತಿಯ ಅಧ್ಯಕ್ಷ ವಿಜಯ್ ಇದ್ದಾರಲ್ಲ, ದೊಡ್ಡ ಜಿ.ಟಿ. ಕಾರಿನವರು, ಅವರು ಮೂರು ಸುತ್ತು ಓಡಿಸಿ ಸೊಂಟ ಹಿಡಿಯಿತು ಎಂದು ಶೆಡ್ಡಿಗೆ ಬರುತ್ತಾರೆ. ಶೆಡ್ಡಿನಿಂದ ಅದೇ ಕಾರು, ಅದೇ ಹೆಲ್ಮೆಟ್ಟು ಹೊರಡುತ್ತದೆ. ಒಳಗೆ ಮಾತ್ರ ಸಂಬಳದ ಓಟಗಾರ. ಸಂಜೆ ಬಹುಮಾನದ ಕಪ್ಪು ಎತ್ತಿ ಫೋಟೋ ತೆಗೆಸಿಕೊಳ್ಳುವವರು ಸೊಂಟ ಹಿಡಿದ ಯಜಮಾನರು. ನಾನು ಎರಡು ಸಲ ಬರೆದುಕೊಟ್ಟೆ. ಎರಡು ಸಲವೂ ಸಮಿತಿ ಚಹಾ ಕುಡಿಸಿ ಕಳಿಸಿತು.

ಒಂದೇ ಒಂದು ಸಮಾಧಾನ ನಿಮ್ಮ ಮುಬಶಿರ್. ಶೃಂಗೇರಿಯ ನಮ್ಮ ಲಾಡ್ಜಿನ ಹಿಂದೆ ಬೆಕ್ಕು ಮರಿ ಹಾಕುತ್ತಿದ್ದ ಹಳೆಯ ಕಾರನ್ನು ಎಳೆದೊಯ್ದು, ಇಪ್ಪತ್ತೇಳು ಎಂದು ನಂಬರು ಬರೆದು, ಟೂರಿಂಗ್ ಕಾರುಗಳ ವಿಭಾಗದಲ್ಲಿ ತಂದು ನಿಲ್ಲಿಸಿದ್ದಾನೆ. ಅವನ ಹಿಂದೆ ಓಡಿ ಓಡಿ ನರಸಿಂಹರಾಜಪುರದ ಹಲ್ಲಿನ ಡಾಕ್ಟರು ಈಶಾನರಿಗೆ ಈ ವರ್ಷ ನಿದ್ದೆ ಬರಲಿಕ್ಕಿಲ್ಲ. ಪ್ಲೇಟು ಮಾಡುವವರ ಮಗನೇ ಓಡಿಸುತ್ತಾನೆ ಎಂದು ಯಾರೋ ಗೊಣಗಿದರು. ಸಾಹೇಬರನ್ನು ನೀವು ನೋಡಿಲ್ಲ ಎಂದಷ್ಟೇ ಹೇಳಿದೆ.

ಇಂತಿ ನಿಮ್ಮ
ಯಜ್ಞೇಶ

*

ಕೊಪ್ಪ
24 ಜೂನ್ 2024

ಪ್ರೀತಿಯ ಯಜ್ಞೇಶನಿಗೆ ಅಬ್ದುಲ್ ರಹಮಾನನ ಆಶೀರ್ವಾದಗಳು.

ಎಂಟು ಪ್ಲೇಟು ಇವತ್ತು ಶಿವಮೊಗ್ಗದ ಬಸ್ಸು ಹತ್ತಿದವು. ಅಲ್ಲಿಂದ ಮುಂದಿನ ಬಸ್ಸಿಗೆ ಹಾಕುವವರು ಇದ್ದಾರೆ. ಮೂರು ದಿನದಲ್ಲಿ ಸಿಗದಿದ್ದರೆ ಬರೆ.

ತಡವಾದದ್ದಕ್ಕೆ ಕಾರಣ ನಾನಲ್ಲ, ನಮ್ಮ ಮನೆಯಾಕೆ. ಬಕ್ರೀದಿಗೆ ಮನೆಗೆ ಸುಣ್ಣ ಹೊಡೆಯಲು ಬಂದವನನ್ನು ಅಮೀರ್ ಬೀ ಅಂಗಡಿಗೂ ಅಟ್ಟಿದಳು. ಆ ಪುಣ್ಯಾತ್ಮ ಕಪಾಟಿನಲ್ಲಿದ್ದುದನ್ನೆಲ್ಲ ಕೆಳಗಿಳಿಸಿ, ಗೋಡೆ ಬಳಿದು, ಬಣ್ಣ ಉಳಿಯಿತೆಂದು ಕಬ್ಬಿಣದ್ದಕ್ಕೆಲ್ಲ ಕಪ್ಪು ಬಳಿದು, ತನಗೆ ಚೆಂದ ಕಂಡ ಹಾಗೆ ಜೋಡಿಸಿ ಹೋದ. ಉಳಿ ಇದ್ದಲ್ಲಿ ಸುತ್ತಿಗೆ, ಸುತ್ತಿಗೆ ಇದ್ದಲ್ಲಿ ಅರ. ಅದನ್ನೆಲ್ಲ ಸರಿಮಾಡುವುದರಲ್ಲಿ ಒಂದು ವಾರ ಹೋಯಿತು. ಬಲ್ಬು ಬೇರೆ ಮಂಕು. ಹೊಸ ಬಲ್ಬು ತಂದು ಹಾಕಿದೆ, ಅದೂ ಮಂಕು. ಈಗ ಎಲ್ಲ ಕಂಪನಿಯದ್ದೂ ಹಾಗೆಯೇ. ಅಮೀರ್ ಬೀ ಕಣ್ಣು ತೋರಿಸಿ ಅನ್ನುತ್ತಾಳೆ. ಅವಳಿಗೆ ಎಲ್ಲಾದರೂ ಪೇಟೆಗೆ ಹೋಗಲು ನೆಪ ಬೇಕು.

ನಿನ್ನ ಅಧ್ಯಕ್ಷರ ಸೊಂಟದ ವಿಷಯ ಓದಿದೆ. ಥೂ. ಬೇರೆಯವನ ಬೆವರಿನ ಕಪ್ಪನ್ನು ಕೈಯಲ್ಲಿ ಹಿಡಿಯುವುದು ಹೇಗೆ? ನನಗೆ ಅಂಥದ್ದು ತಿಳಿದಾಗ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತದೆ. ನಾನು ಆ ಮೋಸದ ಕಲ್ಲನ್ನು ಯಾಕೆ ಇನ್ನೂ ಕಪಾಟಿನಲ್ಲಿ ಇಟ್ಟುಕೊಂಡಿದ್ದೇನೆ ಎಂದು ನೀನು ಕೇಳುತ್ತಿದ್ದೆಯಲ್ಲ, ಅದಕ್ಕೇ. ಪಕ್ಕದ ನಾರ್ವೆ ಊರಿನ ತೋಟದ ಆಳು ಮಂಜಪ್ಪ ಅದನ್ನು ಹೆಗಲ ಮೇಲೆ ಹೊತ್ತು ಬಸ್ಸಿಗೂ ಕಾಯದೆ ನಡೆದುಕೊಂಡು ಬಂದಿದ್ದ. ಕೂಲಿಗೆ ಅಕ್ಕಿ ತೂಗುವ ಅಂಗಡಿಯ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲು. ತಳ ಕೊರೆದು, ಮೇಲೆ ಸೀಸ ಮುಚ್ಚಿದ್ದರು. ಒಂದು ಕಿಲೋ ಮುನ್ನೂರು ಗ್ರಾಂ ಕಡಿಮೆ. ಎಷ್ಟು ವರ್ಷ ಎಷ್ಟು ಮಕ್ಕಳ ತಟ್ಟೆಯಿಂದ ಆ ಒಂದು ಕಿಲೋ ಮುನ್ನೂರು ತೆಗೆದಿರಬಹುದು. ಅಧಿಕಾರಿಗಳು ಅದನ್ನು ಒಡೆದು ಹಾಕಿ ಎಂದರು. ನಾನು ಒಡೆಯಲಿಲ್ಲ. ಅಂಗಡಿಗೆ ಕಲಿಯಲು ಬಂದವರಿಗೆಲ್ಲ ಅದನ್ನು ಮೊದಲು ಕೈಗೆ ಕೊಡುತ್ತಿದ್ದೆ, ಹೇಸಿಗೆ ಅಂದರೆ ಹೇಗಿರುತ್ತದೆ ನೋಡಿ ಎಂದು. ನೀನೂ ಎತ್ತಿದ್ದೀಯ.

ಈಗ ಊರಲ್ಲೆಲ್ಲ ಕರೆಂಟಿನ ತಕ್ಕಡಿ. ಕಲ್ಲಿಗೆ ಮುದ್ರೆ ಹಾಕಿಸಲು ಯಾರೂ ಬರುವುದಿಲ್ಲ. ನಿನ್ನ ಪ್ಲೇಟುಗಳಿಗಲ್ಲದೆ ಮುದ್ರೆ ಒತ್ತುವ ನನ್ನ ಪಂಚಿಗೆ ಬೇರೆ ಕೆಲಸವಿಲ್ಲ. ಆದರೂ ಅದು ಸೊಂಟದ ದಾರದಲ್ಲೇ ಇದೆ. ಮಲಗುವಾಗಲೂ ತೆಗೆಯುವುದಿಲ್ಲ.

ಮುಬಶಿರನನ್ನು ಹೊಗಳಬೇಡ. ಮೊದಲೇ ನೆಲದ ಮೇಲೆ ನಡೆಯುವುದಿಲ್ಲ.

ಅಬ್ದುಲ್ ರಹಮಾನ್

*

ಕೊಯಮತ್ತೂರು
6 ಆಗಸ್ಟ್ 2024

ರಹಮಾನ್ ಸಾಹೇಬರಿಗೆ ನಮಸ್ಕಾರಗಳು.

ಈ ಕಾಗದವನ್ನು ಎರಡು ಸಲ ಬರೆದು ಹರಿದೆ.

ಮೊನ್ನೆ ಭಾನುವಾರ ಎರಡನೇ ರೇಸು ಮುಗಿಯಿತು. ಒಬ್ಬ ಓಟಗಾರನ ಮೇಲೆ ಇನ್ನೊಬ್ಬರು ಲಿಖಿತ ದೂರು ಕೊಟ್ಟರು, ಪ್ಲೇಟುಗಳ ತೂಕದ ಮೇಲೆ ಅನುಮಾನವಿದೆ ಎಂದು. ದೂರು ಬಂದಮೇಲೆ ತೂಗಲೇಬೇಕು. ಗುಜರಿಯವನ ತಕ್ಕಡಿ ತರಿಸಿ, ಎಲ್ಲರ ಎದುರಿಗೆ ಆ ಕಾರಿನ ಪ್ಲೇಟುಗಳನ್ನು ಬಿಚ್ಚಿ ಇಟ್ಟೆ. ಎಲ್ಲವೂ ಕಡಿಮೆ ಬಂದವು. ತಕ್ಕಡಿಯನ್ನೇ ಎರಡು ಸಲ ಪರೀಕ್ಷೆ ಮಾಡಿದೆ. ತಕ್ಕಡಿ ಸರಿಯಿತ್ತು.

ಸೀಸ ಕದಲಿಲ್ಲ. ಮೇಲಿನ ಮುದ್ರೆ ನಿಮ್ಮದೇ ಅಥವಾ ನಿಮ್ಮದೇ ಎಂದು ಕಾಣುವಂಥದ್ದು. ಎಷ್ಟು ಕಡಿಮೆ ಎಂಬುದನ್ನಾಗಲಿ, ಯಾರ ಕಾರು ಎಂಬುದನ್ನಾಗಲಿ ತೀರ್ಮಾನ ಆಗುವ ತನಕ ಯಾರಿಗೂ ಹೇಳಕೂಡದು ಎಂದು ಸಮಿತಿಯ ಅಪ್ಪಣೆ. ಆದರೆ ಪ್ಲೇಟು ಮಾಡಿದವರಿಂದ ಎರಡು ಪ್ರಶ್ನೆಗೆ ಬರಹದಲ್ಲಿ ಉತ್ತರ ಕೇಳಿದ್ದಾರೆ. ಅವು ನಿಮ್ಮ ಅಂಗಡಿಯಿಂದಲೇ ಕಡಿಮೆ ತೂಕದಲ್ಲಿ ಹೊರಟಿರಬಹುದೇ? ಇಲ್ಲವಾದರೆ, ಹೀಗೆ ಮಾಡಿದವನಿಗೆ ಏನು ಶಿಕ್ಷೆ ತಕ್ಕದ್ದು?

ಎರಡನೆಯ ಪ್ರಶ್ನೆ ನಿಮಗೆ ಸಂಬಂಧಿಸಿದ್ದಲ್ಲ ಎಂದು ನಾನು ಹೇಳಿದೆ. ತೂಕದ ವಿಷಯದಲ್ಲಿ ಅವರ ಮಾತಿಗೆ ಬೆಲೆಯಿದೆ ಎಂದು ಅಧ್ಯಕ್ಷರೇ ಒತ್ತಾಯ ಮಾಡಿದರು. ನೀವು ಬಯಸಿದರೆ ಮೊದಲನೆಯದಕ್ಕಷ್ಟೇ ಉತ್ತರ ಬರೆಯಿರಿ, ಸಾಹೇಬರೇ. ಅಷ್ಟು ಸಾಕು. ಸಮಾಧಾನದಿಂದ ಯೋಚಿಸಿ ಬರೆಯಿರಿ.

ಯಜ್ಞೇಶ

*

ಕೊಪ್ಪ
14 ಆಗಸ್ಟ್ 2024

ಯಜ್ಞೇಶ,

ಸಮಾಧಾನದಿಂದ ಯೋಚಿಸಿ ಎಂದು ಯಾರಿಗೆ ಬರೆಯುತ್ತೀಯ? ನಿನ್ನ ಕಾಗದ ಓದಿ ಎರಡು ದಿನ ನನಗೆ ಅನ್ನದ ತಟ್ಟೆ ಮುಟ್ಟಲಾಗಲಿಲ್ಲ.

ಮೊದಲನೆಯದಕ್ಕೆ ಉತ್ತರ. ನನ್ನ ಅಂಗಡಿಯಿಂದ ಕಡಿಮೆ ತೂಕ ಹೊರಗೆ ಹೋಗಿಲ್ಲ, ಹೋಗುವುದಿಲ್ಲ. ಎಂಟೂ ಪ್ಲೇಟನ್ನು ಒಂದೊಂದಾಗಿ ನಾನೇ ತಕ್ಕಡಿಗೆ ಹಾಕಿದ್ದೇನೆ, ನಾನೇ ಸೀಸ ಹೊಯ್ದಿದ್ದೇನೆ, ಮುಳ್ಳು ನೆಟ್ಟಗೆ ನಿಂತ ಮೇಲೆ ನಾನೇ ಮುದ್ರೆ ಒತ್ತಿದ್ದೇನೆ. ಇದನ್ನು ಯಾರ ಎದುರಿಗೆ ಬೇಕಾದರೂ ಓದು.

ಇದನ್ನು ಮಾಡಿದವನು ಯಾರು ಎಂದು ನೀನು ಹೇಳದಿದ್ದರೂ ನನಗೆ ತಿಳಿಯಿತು. ಜುಲೈಯಲ್ಲಿ ನಿನ್ನ ಹಲ್ಲಿನ ಡಾಕ್ಟರು ಶೃಂಗೇರಿಗೆ ಹೋಗುವ ದಾರಿಯಲ್ಲಿ ನಮ್ಮ ಅಂಗಡಿಗೆ ಬಂದಿದ್ದ. ಬೆಂಚಿನ ಮೇಲೆ ಕೂತು, ಚಹಾ ಕುಡಿದು, ಸಾಹೇಬರೇ ಆ ಹೆಸರುವಾಸಿ ಪಂಚನ್ನು ನೋಡಬಹುದೇ ಎಂದ. ದಾರ ಬಿಚ್ಚಿ ಕೈಗೆ ಕೊಟ್ಟೆ. ಅದನ್ನು ಆಚೆ ಈಚೆ ತಿರುಗಿಸಿ ಬಹಳ ಹೊತ್ತು ನೋಡಿದ. ನಾನು ಒಳಗೆ ಬಿಸ್ಕತ್ತು ತರಲು ಹೋದೆ. ಊರವರ ಹಲ್ಲಿಗೆಲ್ಲ ಅಚ್ಚು ತೆಗೆಯುವವನಿಗೆ ನನ್ನ ಮುದ್ರೆಗೆ ಅಚ್ಚು ತೆಗೆಯುವುದು ಎಷ್ಟರ ಕೆಲಸ? ನನ್ನ ಬಿಸ್ಕತ್ತು ತಿಂದು ಹೋದ. ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಎರಡನೆಯದಕ್ಕೂ ಉತ್ತರ ಕೊಡುತ್ತೇನೆ. ಕೇಳಿದ್ದಾರೆ, ಹೇಳುತ್ತೇನೆ. ಅವನು ಇನ್ನು ಜನ್ಮದಲ್ಲಿ ಆ ಟ್ರ್ಯಾಕಿಗೆ ಕಾಲಿಡಬಾರದು. ಅದು ಸಾಲದು. ಬಹುಮಾನ ಕೊಡುವ ಜಾಗದಲ್ಲಿ, ಮೈಕಿನಲ್ಲಿ, ಎಲ್ಲರೂ ಕೇಳುವ ಹಾಗೆ, ಕಡಿಮೆ ತೂಕದವನು ಇಂಥವನು ಎಂದು ಅವನ ಹೆಸರು, ಅವನ ಊರು, ಅವನ ಅಪ್ಪನ ಹೆಸರು ಓದಬೇಕು. ಮಗನಿಗೆ ತೂಕ ಕಲಿಸದ ಅಪ್ಪನಿಗೂ ಅದರಲ್ಲಿ ಪಾಲಿದೆ. ಕನಿಕರ ತೋರಿಸಬೇಡಿ. ಮಂಜಪ್ಪನ ಹೆಗಲ ಮೇಲಿನ ಗಾಯ ನಾನು ನೋಡಿದ್ದೇನೆ.

ಇದನ್ನು ಬರೆದು ಮುಬಶಿರನಿಗೆ ಓದಿ ಹೇಳಿದೆ. ಗೆದ್ದು ಬಂದವನು ಈ ಸಲ ಕಪ್ಪನ್ನೂ ತೋರಿಸಲಿಲ್ಲ, ಸುಮ್ಮನೆ ಗ್ಯಾರೇಜು ಸೇರಿದ್ದ. ಪೂರ್ತಿ ಕೇಳಿದ. ಸರಿಯಾಗಿ ಬರೆದಿದ್ದೀರಿ ಎಂದ. ನಾನೇ ಅಂಚೆಗೆ ಹಾಕುತ್ತೇನೆ ಎಂದು ಪಕ್ಕದಲ್ಲಿ ಕಾದು ನಿಂತಿದ್ದಾನೆ.

ಅಬ್ದುಲ್ ರಹಮಾನ್

*

ಕೊಯಮತ್ತೂರು
2 ಸೆಪ್ಟೆಂಬರ್ 2024

ಸಾಹೇಬರೇ,

ನಿನ್ನೆ ಓದಿ ಆಯಿತು. ನೀವು ಹೇಳಿದ ಜಾಗದಲ್ಲಿ, ನೀವು ಹೇಳಿದ ಮಾತಿನಲ್ಲೇ. ಅಧ್ಯಕ್ಷರಿಗೆ ನಿಮ್ಮ ವಾಕ್ಯ ಬಹಳ ಇಷ್ಟವಾಯಿತಂತೆ. ಒಂದಕ್ಷರ ಬದಲಿಸಬೇಡಿ ಎಂದರು. ಮೈಕು ಹಿಡಿದು ಓದಿದವನು ನಾನು.

ಕಡಿಮೆ ತೂಕದವನು ಮುಬಶಿರ್, ಊರು ಕೊಪ್ಪ, ತಂದೆ ಅಬ್ದುಲ್ ರಹಮಾನ್.

ಇದನ್ನು ನಿಮಗೆ ಆಗಸ್ಟಿನಲ್ಲೇ ಹೇಳಬೇಕಿತ್ತು. ಸಮಿತಿಯ ಅಪ್ಪಣೆ ಎಂದು ಬರೆದೆ. ಅಪ್ಪಣೆ ಇದ್ದದ್ದು ನಿಜ, ಆದರೆ ನಾನು ಅದನ್ನು ಮೀರಬಹುದಿತ್ತು. ನಿಮ್ಮ ಕಾಗದ ಬಂದ ಮೇಲಾದರೂ ಅದನ್ನು ಮೇಜಿನ ಒಳಗೆ ಹಾಕಿ, ಉತ್ತರ ಬರಲಿಲ್ಲ ಎನ್ನಬಹುದಿತ್ತು. ಎರಡನ್ನೂ ಮಾಡಲಿಲ್ಲ. ನೇರವಾಗಿ ನಡೆಯುವವನು ಎಂಬ ಹೆಸರು ನನಗಿದೆಯಲ್ಲ, ಅದನ್ನು ಕಾಪಾಡಿಕೊಂಡೆ. ಆ ಹೆಸರನ್ನು ಈಗ ಮೂಸಿ ನೋಡಲೂ ಆಗುವುದಿಲ್ಲ.

ದೂರು ಕೊಟ್ಟವರೇ ಡಾಕ್ಟರು ಈಶಾನ. ಪಂಚಿಗೆ ಅಚ್ಚು ತೆಗೆದವರು ಅವರಲ್ಲ. ಅಪ್ಪ ಮಾಡುವುದು, ಮಗ ಹೊರುವುದು, ಇದೆಂಥ ತಪಾಸಣೆ ಎಂದು ಅವರು ಬರೆದುಕೊಟ್ಟಿದ್ದರು. ಮುದ್ರೆ ನಿಜವಾದದ್ದು, ಅಂಗಡಿಯಿಂದ ಸರಿಯಾಗಿ ಹೊರಟದ್ದು ಎಂದು ನೀವೇ ಬರೆದಮೇಲೆ, ಪಂಚು ಸಿಗುವಷ್ಟು ಹತ್ತಿರದವನು ಯಾರು ಎಂಬುದೊಂದೇ ಪ್ರಶ್ನೆ ಉಳಿಯಿತು. ಮುಬಶಿರ್ ತೂಗಿದ ದಿನವೇ ಒಪ್ಪಿಕೊಂಡಿದ್ದ.

ನಿನ್ನೆಯ ರೇಸನ್ನು ಈಶಾನ ಗೆದ್ದರು, ಹೋದ ಸಲದ ಎರಡು ಪ್ಲೇಟು ಹೊತ್ತುಕೊಂಡೇ. ಜಿ.ಟಿ. ವಿಭಾಗದ ಕಪ್ಪು ಎಂದಿನಂತೆ ಅಧ್ಯಕ್ಷರಿಗೆ. ಪ್ರಾಮಾಣಿಕತೆಯ ಬಗ್ಗೆ ಹತ್ತು ನಿಮಿಷ ಮಾತಾಡಿದರು, ಒಂದು ಕೈ ಸೊಂಟದ ಮೇಲೆ. ನಾನು ಅಲ್ಲೇ ನಿಂತು ಕೇಳಿದೆ, ಚಪ್ಪಾಳೆಯನ್ನೂ ತಟ್ಟಿದೆ.

ಯಜ್ಞೇಶ

*

ಕೊಪ್ಪ
20 ಸೆಪ್ಟೆಂಬರ್ 2024

ಯಜ್ಞೇಶನಿಗೆ,

ನಿನ್ನ ಕಾಗದ ಸಿಕ್ಕಿತು. ನೀನು ಮಾಡಿದ್ದು ಸರಿ. ನನ್ನ ಮಗ ಎಂದು ತಿಳಿದಿದ್ದರೂ ನಾನು ಬೇರೆ ಬರೆಯುತ್ತಿರಲಿಲ್ಲ.

ಅವನನ್ನು ಕರೆದು ಕೇಳಿದೆ. ಹೌದು ಎಂದ. ಯಾವಾಗ ತೆಗೆದೆ ಪಂಚನ್ನು, ಯಾಕೆ ತೆಗೆದೆ ಎಂದರೆ ಚಪ್ಪಲಿ ಮೆಟ್ಟಿಕೊಂಡು ಗ್ಯಾರೇಜಿಗೆ ಹೊರಟ. ನಾನು ಸ್ನಾನಕ್ಕೆ ಹೋಗುವಾಗ ಮಾತ್ರ ಅದು ಮೊಳೆಗೆ ತೂಗುತ್ತದೆ. ಅಷ್ಟರಲ್ಲಿ ನನ್ನ ಮನೆಯಲ್ಲೇ, ನನ್ನ ಅನ್ನ ತಿನ್ನುವವನು ಹೊಂಚು ಹಾಕಿ ಕೂತಿದ್ದ ಎಂದರೆ ನನಗೆ ನನ್ನ ಮನೆಯ ಚಾಪೆಯೇ ಹೇಸಿಗೆಯಾಗಿದೆ. ಅವನ ಹಾಸಿಗೆ ಗ್ಯಾರೇಜಿಗೆ ಹೋಯಿತು. ಊಟ ಅಮೀರ್ ಬೀ ಅಲ್ಲಿಗೇ ಒಯ್ಯುತ್ತಾಳೆ, ನನ್ನ ಕೂಡ ಮಾತಿಲ್ಲ. ತಂಗಿ ಸಬೀಹಾ ಅಣ್ಣನ ಪರವಾಗಿ ಅಳಲು ಬಂದಳು. ನಿನ್ನ ಗಂಡನ ಮನೆಯಲ್ಲಿ ಅಳು ಎಂದು ಕಳಿಸಿದೆ.

ಮುಬಶಿರನ ಕಾರಿನ ಆ ಮೂರು ಪ್ಲೇಟನ್ನು ನನಗೆ ಕಳಿಸು. ನಾರ್ವೆಯ ಕಲ್ಲಿನ ಪಕ್ಕದಲ್ಲಿ ಇಡುತ್ತೇನೆ. ನಲವತ್ತು ವರ್ಷ ಒಂದೇ ಇತ್ತು. ಈಗ ಜೊತೆಗೆ ನನ್ನ ಮನೆಯವೇ ಮೂರು ಬಂದಹಾಗಾಯಿತು.

ಅ. ರ.

*

ಕೊಯಮತ್ತೂರು
8 ಅಕ್ಟೋಬರ್ 2024

ಸಾಹೇಬರಿಗೆ ನಮಸ್ಕಾರಗಳು.

ಪ್ಲೇಟುಗಳನ್ನು ಬಸ್ಸಿಗೆ ಹಾಕಿದ್ದೇನೆ. ನಿಮಗೆ ಹೇಳದೆ ಬಿಟ್ಟ ಒಂದು ಮಾತಿದೆ. ಅದನ್ನು ಕಕ್ಕಿಬಿಡುತ್ತೇನೆ.

ಮುಬಶಿರ್ ಒಪ್ಪಿಕೊಂಡ ಎಂದು ಬರೆದಿದ್ದೆ. ಹೇಗೆ ಒಪ್ಪಿಕೊಂಡ ಎಂದು ಬರೆಯಲಿಲ್ಲ. ಆ ಭಾನುವಾರ ಪ್ಲೇಟು ತೂಗಿದ ಮೇಲೆ ನಾವಿಬ್ಬರೇ ಶೆಡ್ಡಿನಲ್ಲಿದ್ದೆವು. ಇದು ನೀನು ಮಾಡಿದ್ದೋ, ಅಂಗಡಿಯಿಂದ ಬಂದದ್ದೇ ಹೀಗೋ ಎಂದು ಕೇಳಿದೆ. ಅವನು ಪ್ಲೇಟಿನ ಮುದ್ರೆಯ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಹೇಳಿದ್ದು ಇಷ್ಟು:

"ಅಬ್ಬಾನ ಅಂಗಡಿಯಿಂದ ಹೀಂಗೆ ಬರೂದಿಲ್ಲ ಯಜ್ಞೇಶಣ್ಣ. ಬಂದಿದ್ರೂ ಬಂದಿಲ್ಲ ಅಂತ ಬರ್ಕಳಿ. ನಂದು ಅಂತ ಹಾಕಿ ಮಾರಾಯ್ರೆ."

ನಾನು ನಿಮ್ಮಲ್ಲಿ ಕೆಲಸ ಕಲಿತವನು. ಆ ಮಾತಿನ ಅರ್ಥ ನನಗೆ ಆಗಲೇ ಆಗಬೇಕಿತ್ತು. ಅರ್ಧ ಆಗಿತ್ತು ಕೂಡ. ಆದರೆ ಹೊರಗೆ ಈಶಾನ ಕಾಯುತ್ತಿದ್ದರು, ಅಧ್ಯಕ್ಷರು ಕಾಯುತ್ತಿದ್ದರು. ತಪ್ಪು ಒಪ್ಪಿಕೊಂಡಿದ್ದಾನೆ ಎಂದು ಒಂದು ಸಾಲು ಬರೆದು ಸಹಿ ಹಾಕಿದೆ. ಅದರ ನಂತರ ನನ್ನ ಸಹಿ ನೋಡಿದರೆ ನನಗೇ ಅಸಹ್ಯವಾಗುತ್ತದೆ.

ಇನ್ನೊಂದು ವಿಚಾರ. ಮೋಸ ಮಾಡುವವನು ಅವಸರದಲ್ಲಿ ಮಾಡುತ್ತಾನೆ. ಒಂದು ಪ್ಲೇಟು ಹೆಚ್ಚು ಕೊರೆದರೆ ಒಂದು ಕಡಿಮೆ ಕೊರೆದಿರುತ್ತದೆ. ಇವು ಮೂರೂ ಒಂದೇ ಸಮ ಕಡಿಮೆ ಇವೆ. ಒಂದು ಕಿಲೋ ಮುನ್ನೂರು ಗ್ರಾಂ, ಒಂದು ಕಿಲೋ ಮುನ್ನೂರು, ಒಂದು ಕಿಲೋ ಮುನ್ನೂರು. ಇಷ್ಟು ಅಚ್ಚುಕಟ್ಟಾಗಿ ತೂಗುವ ಕೈ ನಿಮ್ಮದೊಂದನ್ನು ಬಿಟ್ಟರೆ ನಾನು ಬೇರೆ ನೋಡಿಲ್ಲ.

ತಪ್ಪು ತಿಳಿಯಬೇಡಿ. ಏನನ್ನೂ ಹೇಳುತ್ತಿಲ್ಲ. ತೂಕ ಬಂದದ್ದನ್ನು ಬರೆದೆ ಅಷ್ಟೆ.

ಯಜ್ಞೇಶ

*

ಕೊಪ್ಪ
19 ಅಕ್ಟೋಬರ್ 2024

ಯಜ್ಞೇಶನಿಗೆ,

ಈ ಕಾಗದದ ಅಕ್ಷರ ಸಬೀಹಾಳದ್ದು. ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ. ಯಾಕೆ ಎಂಬುದು ಮುಂದೆ ತಿಳಿಯುತ್ತದೆ.

ನಿನ್ನ ಕಾಗದವನ್ನು ಭೂತಗನ್ನಡಿ ಹಿಡಿದು ಓದಿದೆ. ಒಂದು ಕಿಲೋ ಮುನ್ನೂರು ಎಂಬಲ್ಲಿಗೆ ಬಂದು ನಿಂತೆ. ಮತ್ತೆ ಓದಿದೆ. ಎದ್ದು ಕಪಾಟಿನ ಹತ್ತಿರ ಹೋದೆ. ಎಡತುದಿಯಲ್ಲಿ ನಾರ್ವೆಯ ಕಲ್ಲು ಇತ್ತು, ನಲವತ್ತು ವರ್ಷದಿಂದ ಇರುವ ಜಾಗ. ಅದನ್ನು ತಕ್ಕಡಿಯ ಒಂದು ತಟ್ಟೆಗೆ ಹಾಕಿ, ನೀನು ಕಳಿಸಿದ ಪ್ಲೇಟನ್ನು ಇನ್ನೊಂದಕ್ಕೆ ಹಾಕಿದೆ. ಎರಡೂ ಮೋಸದವು, ಸಮ ನಿಲ್ಲಬೇಕು. ನಿಲ್ಲಲಿಲ್ಲ. ಪ್ಲೇಟು ಮೇಲಕ್ಕೆ ಹೋಯಿತು.

ಆಗ ದಿನಾ ತೂಗಲು ಇಟ್ಟುಕೊಂಡಿರುವ ಇಪ್ಪತ್ತು ಕಿಲೋ ಕಲ್ಲನ್ನು ತಂದು ಹಾಕಿದೆ. ಮುಳ್ಳು ನೆಟ್ಟಗೆ ನಿಂತಿತು. ಕೂದಲೆಳೆಯಷ್ಟೂ ಅಲುಗಲಿಲ್ಲ.

ಆ ಕಲ್ಲನ್ನು ಮಗುಚಿ, ಅರದ ತುದಿಯಿಂದ ಬಕ್ರೀದಿನ ಕಪ್ಪು ಬಣ್ಣ ಕೆರೆದೆ. ಅಡಿಯಲ್ಲಿ ಕೆಂಪು ಬಂತು. ನಾರ್ವೆಯ ಕಲ್ಲಿಗೆ ನಾನೇ ಕೆಂಪು ಗೆರೆ ಎಳೆದಿದ್ದೆ, ಯಾರೂ ಮರೆತು ಅದರಲ್ಲಿ ತೂಗಬಾರದೆಂದು. ಸುಣ್ಣದವನು ಕಪ್ಪು ಬಳಿದು ಎರಡು ಕಲ್ಲುಗಳ ಜಾಗ ಬದಲಿಸಿಬಿಟ್ಟಿದ್ದ.

ಬಲ್ಬು ಮಂಕಲ್ಲ. ಅಮೀರ್ ಬೀ ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು. ಎರಡೂ ಕಣ್ಣಿಗೆ ಪೊರೆ. ಎರಡು ವರ್ಷದಿಂದ ಇರಬೇಕು ಎಂದರು ಡಾಕ್ಟರು. ಕಣ್ಣು ಹೋಗಲಿ, ಕೈ ಏನಾಗಿತ್ತು? ಎತ್ತಿದ ಕೂಡಲೇ ನೂರು ಗ್ರಾಂ ಹೆಚ್ಚು ಕಡಿಮೆ ಹೇಳುತ್ತೇನೆ ಎಂದು ನಿಮ್ಮೆಲ್ಲರ ಎದುರು ಜಂಭ ಕೊಚ್ಚಿದ ಕೈ ಇದು. ಎಂಟು ಸಲ ಆ ಹೊಲಸನ್ನು ಎತ್ತಿ ಇಳಿಸಿದೆ, ಎಂಟು ಸಲ ಗೊತ್ತಾಗಲಿಲ್ಲ. ನಲವತ್ತು ವರ್ಷ ಯಾವುದನ್ನು ಹೇಸಿಗೆ ಎಂದು ಊರಿಗೆಲ್ಲ ತೋರಿಸಿದೆನೋ ಅದನ್ನೇ ಎಂಟು ಮಾಡಿ, ಮೇಲೆ ನನ್ನ ಹೆಸರು ಒತ್ತಿ, ಬಸ್ಸಿಗೆ ಹಾಕಿದೆ. ಆ ನಾರ್ವೆಯ ಅಂಗಡಿಯವನಿಗೂ ನನಗೂ ಏನು ವ್ಯತ್ಯಾಸ? ಅವನಿಗೆ ತಾನು ಮಾಡುವುದು ಗೊತ್ತಿತ್ತು. ಅಷ್ಟೇ.

ಗ್ಯಾರೇಜಿಗೆ ಹೋದೆ. ಮುಬಶಿರ್ ಯಾರದೋ ಜೀಪಿನ ಅಡಿಯಲ್ಲಿದ್ದ. ಹೊರಗೆ ಬಾ ಎಂದೆ. ಕೆಂಪು ಕೆರೆದ ಕಲ್ಲನ್ನು ಮುಂದಿಟ್ಟೆ. ನೋಡಿದ, ಅವನಿಗೆ ಆಶ್ಚರ್ಯವಾಗಲಿಲ್ಲ. ಕಲ್ಲು ಅದಲುಬದಲಾದದ್ದು ಅವನಿಗೆ ಗೊತ್ತಿರಲಿಲ್ಲ, ಆದರೆ ತಪ್ಪು ನನ್ನದೇ ಇರಬೇಕು ಎಂದು ತೂಗಿದ ದಿನವೇ ತಿಳಿದಿತ್ತಂತೆ. ನಾನು ಬಾಗಿಲಿನ ಬೀಗ ಹುಡುಕುತ್ತಾ ಗೋಡೆ ತಡಕುವುದನ್ನು ಅವನು ನೋಡಿದ್ದನಂತೆ. ಹಾಗಿದ್ದರೆ ಯಾಕೆ ಸುಳ್ಳು ಹೇಳಿದೆ, ನಾನು ಆ ಕಾಗದ ಓದಿದಾಗಲಾದರೂ ಬಾಯಿ ಬಿಡಬಾರದಿತ್ತೇ ಎಂದು ಕೂಗಿದೆ. ಅವನು ಗ್ರೀಸಿನ ಕೈ ಒರೆಸಿಕೊಳ್ಳುತ್ತಾ, ನನ್ನ ಕಿವಿಯ ಹತ್ತಿರ ಬಂದು ಹೇಳಿದ.

"ರೇಸು ಹೋದ್ರೆ ನಂಗೆ ಗ್ಯಾರೇಜ್ ಉಂಟು ಅಬ್ಬಾ. ಮುದ್ರೆ ಹೋದ್ರೆ ನಿಮಗೆ ಎಂತ ಉಂಟು?"

ಯಜ್ಞೇಶ, ನನಗೆ ಅವನ ಮೇಲೆ ಕೋಪವೇ ಬಂತು, ಈಗಲೂ ಇದೆ. ನನ್ನನ್ನು ಕೈಲಾಗದ ಮುದುಕ ಎಂದು ತೀರ್ಮಾನ ಮಾಡಿ, ನನ್ನ ತಪ್ಪನ್ನು ತಾನು ಹೊತ್ತ. ನಾನು ಅದರ ಮೇಲೆ ಕೂತು ಅವನ ಹಾಸಿಗೆಯನ್ನು ಹೊರಗೆ ಹಾಕಿದೆ. ಕಡಿಮೆ ತೂಕವನ್ನು ಯಾರೋ ಪ್ರೀತಿಯಿಂದ ಮುಚ್ಚಿಟ್ಟರೆ ಅದು ಸರಿ ತೂಕ ಆಗುತ್ತದೆಯೇ? ನಿನ್ನ ಮೇಲೂ ಕೋಪವಿದೆ. ಎಂಟರಲ್ಲಿ ಮೂರು ಕಡಿಮೆ ಬಂದರೆ ಉಳಿದ ಐದನ್ನು ತೂಗಬೇಕು ಎಂಬುದನ್ನು ನನ್ನ ಅಂಗಡಿಯಲ್ಲಿ ಮೊದಲ ದಿನ ಕಲಿತಿದ್ದೆಯಲ್ಲ? ಸ್ಟೋರಿನಲ್ಲಿ ಮೂರು ಇವೆ. ಎರಡು ಆ ಡಾಕ್ಟರನ ಕಾರಿನಲ್ಲಿದ್ದವು, ದೂರು ಕೊಟ್ಟ ದಿನವೂ. ತೂಗು. ಐದೂ ಒಂದು ಕಿಲೋ ಮುನ್ನೂರು ಕಡಿಮೆ ಬರುತ್ತವೆ. ಬರದಿದ್ದರೆ ಈ ಕಾಗದ ಹರಿದು ಹಾಕು. ಡಾಕ್ಟರನಿಗೆ ನನ್ನ ಕ್ಷಮಾಪಣೆ ತಿಳಿಸು. ಬಿಸ್ಕತ್ತು ಅವನು ತಿಂದದ್ದು ಸರಿಯಾಗಿಯೇ ಇದೆ.

ಪಂಚನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟು ಬಡಿದೆ. ಇನ್ನು ಅದರಲ್ಲಿ ಅಕ್ಷರ ಮೂಡುವುದಿಲ್ಲ. ಮುಬಶಿರನ ಹಾಸಿಗೆ ಮನೆಯೊಳಗೆ ಬಂದಿದೆ. ಅವನು ಇನ್ನೂ ಬಂದಿಲ್ಲ, ಗ್ಯಾರೇಜಿನಲ್ಲೇ ಮಲಗುತ್ತಾನೆ. ನಾನು ಕರೆಯಲು ಹೋದರೆ ಜೀಪಿನ ಅಡಿಗೆ ಹೋಗುತ್ತಾನೆ. ನವೆಂಬರ್ ಹತ್ತರ ರೇಸಿಗೆ ಬರಬೇಕು ಎಂದು ಸಬೀಹಾಳ ಕೈಯಲ್ಲಿ ಬರೆಸಿ ಜೀಪಿನ ಸೀಟಿನ ಮೇಲೆ ಚೀಟಿ ಇಟ್ಟೆ. ಕೆಳಗೆ ಒಂದೇ ಅಕ್ಷರ ಬರೆದು ಕಳಿಸಿದ. ಹೂಂ.

ಹತ್ತನೇ ತಾರೀಕು ನಾನೂ ಅವನೂ ಬಸ್ಸಿನಲ್ಲಿ ಬರುತ್ತೇವೆ. ಬಹುಮಾನ ಕೊಡುವ ಜಾಗದಲ್ಲಿ, ಅದೇ ಮೈಕಿನಲ್ಲಿ, ಅದೇ ವಾಕ್ಯ ಓದಬೇಕು. ನಿನ್ನ ಅಧ್ಯಕ್ಷರಿಗೆ ಅದು ಇಷ್ಟವಲ್ಲವೇ, ಒಂದಕ್ಷರವೂ ಬದಲಾಗದಿರಲಿ. ಕಡಿಮೆ ತೂಕದವನು ಅಬ್ದುಲ್ ರಹಮಾನ್, ಊರು ಕೊಪ್ಪ. ಅಪ್ಪನ ಹೆಸರೂ ಇದೆ: ಶೇಖ್ ಹುಸೇನ್, ಮುದ್ರೆಯನ್ನು ನನಗೆ ಕೊಟ್ಟವರು. ಅದನ್ನೂ ಓದು. ಹಿಂದೆ ಮುಂದೆ ಸಾಹೇಬ ಎಂದು ಸೇರಿಸಬೇಡ. ಆಮೇಲೆ, ಮುಬಶಿರ್ ತೂಕದಲ್ಲಿ ಮೋಸ ಮಾಡಲಿಲ್ಲ ಎಂದು ಇನ್ನೊಂದು ವಾಕ್ಯ. ಅದನ್ನು ಎರಡು ಸಲ ಓದು.

ಅವನು ನನ್ನ ಪಕ್ಕದಲ್ಲಿ ನಿಂತಿರುತ್ತಾನೆ. ನನಗೆ ಕಿವಿ ಕೇಳಿಸುವುದಿಲ್ಲ ಎಂದು ಮೆಲ್ಲಗೆ ಓದಬೇಡ.

ಅಬ್ದುಲ್ ರಹಮಾನ್